ಹನ್ನೆರಡನೆಯ ಹೆಸರು

ದಾರ್ಸೈಟ್, ಮಸ್ಕತ್
22 ನವೆಂಬರ್ 2024, ಶುಕ್ರವಾರ

ಅವ್ವ,

ಮೊನ್ನೆ ಫೋನಿನಲ್ಲಿ ನೀನು ನಾಲ್ಕು ಸಲ "ಏನಂದಿ?" ಅಂದೆ. ಐದನೆಯ ಸಲ ನಾನು "ಎಲ್ಲಾ ಆರಾಮ ಐತಿ ತಗೋ" ಎಂದು ಇಟ್ಟುಬಿಟ್ಟೆ. ಕಿವಿಗೆ ಹಾಕಿಸಿಕೊಂಡ ಮಿಷನ್ನು ಫೋನ್ ಹತ್ತಿರ ತಂದರೆ ಸಿಳ್ಳೆ ಹೊಡೆಯುತ್ತದೆ ಎಂದು ನೀನು ಮೊದಲೇ ಹೇಳಿದ್ದೆ. ನನಗೇ ತಾಳ್ಮೆ ಇರಲಿಲ್ಲ. ಆಮೇಲೆ ಅಡಿಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ವಿವೇಕ ನೋಡಿ, "ಅವ್ವಾರು ಮೂವತ್ತೈದು ವರ್ಷ ಸಾಲ್ಯಾಗ ಪತ್ರಲೇಖನ ಕಲಿಸ್ಯಾರ. ಅವರಿಗೆ ಒಂದ್ ಕಾಗದ ಬರದ್ರ ನಿನ್ನ ಗಂಟೇನ್ ಹೋಗತೈತಿ?" ಅಂದ.

ಅದಕ್ಕೇ ಇದು. ಕೈಯಲ್ಲಿ ಬರೆದು, ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇನೆ. ಹಾಸ್ಟೆಲ್ಲಿನ ಯಾವುದಾದರೂ ಹುಡುಗಿಗೆ ಹೇಳಿ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆಸಿಕೋ. ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಇಪ್ಪತ್ತೆಂಟು ಹುಡುಗಿಯರ ವಾರ್ಡನ್ ಆಗಿ ಕೂತಿದ್ದೀಯ, ಅಷ್ಟು ಕೆಲಸ ಅವರಿಂದ ಮಾಡಿಸಿಕೊಂಡರೆ ತಪ್ಪಿಲ್ಲ.

ಇಲ್ಲಿ ಸೋಮವಾರ ರಾಷ್ಟ್ರೀಯ ದಿನ ಇತ್ತು. ರುಸೈಲಿನ ನಮ್ಮ ಪೈಪ್ ಫ್ಯಾಕ್ಟರಿಯ ಗೇಟಿಗೂ ಬಾವುಟ ಕಟ್ಟಿದ್ದಾರೆ. ನನ್ನ ಕೆಲಸ ಮೊದಲಿನದೇ, ಎಚ್.ಆರ್. ವಿಭಾಗದ ಕಾಗದಪತ್ರ. ಬಾವುಟ ನೋಡಿ ದಿಶಾ ನಮ್ಮ ದೇಶದ ವಿಷಯ ಎತ್ತಿದಳು. ಜನವರಿ 26ಕ್ಕೆ ಅವಳ ಶಾಲೆಯಲ್ಲಿ ಭಾಷಣ ಇದೆಯಂತೆ. ಗಣರಾಜ್ಯಕ್ಕೆ ಆ ತಾರೀಖನ್ನೇ ಯಾಕೆ ಆರಿಸಿದರು ಎಂಬುದು ವಿಷಯ. ನೆಟ್‌ನಲ್ಲಿ 1930 ಎಂದು ಕಂಡಿತಂತೆ. ಆಗ ನನಗೆ ಅಜ್ಜ ಬರೆದಿಟ್ಟ ಪ್ರತಿಜ್ಞೆಯ ಆ ಹಾಳೆ ನೆನಪಾಯಿತು. ಅದು ಇನ್ನೂ ನಿನ್ನ ಹತ್ತಿರ ಇದೆಯೇ? ಇದ್ದರೆ ಫೋಟೊ ಕಳಿಸು.

ಉತ್ತರ ಬರೆ. ಫೋನ್ ಬೇಡ.

ನಿನ್ನ ಮಗಳು,
ಪ್ರಿಯಾಂಕಾ


ಧಾರವಾಡ
1 ಡಿಸೆಂಬರ್ 2024

ಪ್ರಿಯಾಂಕಾಳಿಗೆ,

ನಿನ್ನ ಕಾಗದ ಎರಡು ಸಲ ಓದಿದೆ. ಮೂರು ಕಡೆ ಮಹಾಪ್ರಾಣ ತಪ್ಪಿದೆ. ಕೆಂಪು ಪೆನ್ನು ಹಿಡಿದವಳು ಮತ್ತೆ ಕೆಳಗಿಟ್ಟೆ. ಹದಿನೈದು ವರ್ಷದ ಮೇಲೆ ಮಗಳ ಕೈಬರಹ ಕಂಡಿದೆ, ಅದರ ಮೇಲೆ ಗೀಚುವುದೇಕೆ?

ಅಜ್ಜನ ಹಾಳೆ ನನ್ನ ಹತ್ತಿರವೇ ಇದೆ. ಮಡಿಕೆಗಳಲ್ಲಿ ಹರಿದಿದೆ. ಫೋಟೊ ಜೊತೆಗಿದೆ. ಅಕ್ಷರ ಅಜ್ಜನವೇ. ಹುಬ್ಬಳ್ಳಿಯಿಂದ ಬಂದ ಅಚ್ಚಿನ ಪ್ರತಿ ಒಂದೇ ಇತ್ತಂತೆ, ಊರೂರಿಗೆ ಹೋಗಬೇಕಾಗಿತ್ತು. ಆದ್ದರಿಂದ ಕೂತು ನಕಲು ಮಾಡಿಕೊಂಡ.

ದಿಶಾಗೆ ಹೀಗೆ ಹೇಳು. ನಾವು ಸ್ವತಂತ್ರರಾದದ್ದು 1947ರಲ್ಲಿ. ಆದರೆ ಪೂರ್ಣ ಸ್ವರಾಜ್ಯವೇ ನಮ್ಮ ಗುರಿ ಎಂದು ಊರೂರಿನಲ್ಲಿ ಜನ ನಿಂತು ಪ್ರತಿಜ್ಞೆ ಮಾಡಿದ್ದು ಅದಕ್ಕೆ ಹದಿನೇಳು ವರ್ಷ ಮೊದಲು, 1930ರ ಜನವರಿ 26ರ ಭಾನುವಾರ. ಕೈಯಲ್ಲಿ ಏನೂ ಇರಲಿಲ್ಲ. ಪೊಲೀಸರು ಬ್ರಿಟಿಷರವರೇ, ಕೋರ್ಟು ಅವರದೇ, ಜೈಲು ಅವರದೇ. ಆದರೂ ಹೇಳಿದರು. ಸಿಗುವ ಮೊದಲೇ ಹೇಳಿದ್ದಕ್ಕೆ ಆ ದಿನಕ್ಕೆ ಬೆಲೆ. ಮುಂದೆ ಸಂವಿಧಾನ ಜಾರಿಗೆ ತರುವಾಗ ಆ ತಾರೀಖನ್ನು ಬಿಡಲು ಯಾರಿಗೂ ಮನಸ್ಸಾಗಲಿಲ್ಲ.

ಅವಳಿಗೆ ಕನ್ನಡ ಓದಲು ಬರುವುದಿಲ್ಲ ಎಂದು ಗೊತ್ತು. ನೀನೇ ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಓದಿ ಹೇಳು. ಅವಸರ ಮಾಡಬೇಡ. ನೀನು ಸಣ್ಣವಳಿದ್ದಾಗ ಪ್ರತಿ ವರ್ಷ ನಮ್ಮ ಶಾಲೆಯಲ್ಲಿ ಇದನ್ನು ಗಟ್ಟಿಯಾಗಿ ಹೇಳಿದ್ದೀಯ, ಆದರೆ ಆಗ ನಿನ್ನ ಕಣ್ಣೆಲ್ಲ ಬೂಂದಿ ಪೊಟ್ಟಣದ ಮೇಲೆ ಇರುತ್ತಿತ್ತು.

ಅವ್ವ


ದಾರ್ಸೈಟ್
3 ಜನವರಿ 2025

ಅವ್ವ,

ನೀನು ಹೇಳಿದ ಹಾಗೆ ಸಾಲು ಸಾಲಾಗಿ ಓದಿದೆವು. ನಾಲ್ಕು ಸಂಜೆ ಹಿಡಿಯಿತು. ಬೇರೆಲ್ಲ ಜನರಂತೆ ನಮಗೂ ಸ್ವತಂತ್ರರಾಗಿರುವ, ದುಡಿದದ್ದನ್ನು ನಾವೇ ಉಣ್ಣುವ ಹಕ್ಕಿದೆ, ಅದನ್ನು ಕಸಿಯುವ ಸರಕಾರವನ್ನು ಬದಲಿಸುವ ಹಕ್ಕೂ ಇದೆ ಎಂಬಲ್ಲಿಗೆ ಬಂದಾಗ ದಿಶಾ ತಡೆದಳು. "ಅಮ್ಮಾ, ದಿಸ್ ಈಸ್ ಲೈಕ್ ದಿ ಅಮೆರಿಕನ್ ಒನ್" ಅಂದಳು. ಅವರು ಬ್ರಿಟಿಷರಿಗೆ ಬರೆದ ಘೋಷಣೆಯನ್ನು ಅವಳು ಓದಿದ್ದಾಳೆ. ನಮ್ಮವರು ಅದನ್ನು ಕಾಪಿ ಹೊಡೆದರೇನು ಎಂಬುದು ಅವಳ ಮೊದಲ ಪ್ರಶ್ನೆ. ಎರಡನೆಯದು: ಎಲ್ಲರೂ ಸಮಾನರು ಎಂದು ಅಲ್ಲಿ ಬರೆದವನ ಮನೆಯಲ್ಲೇ ಗುಲಾಮರಿದ್ದರಂತೆ. ಬರೆಯುವಾಗ ಅವನ ಕೈ ಹೇಗೆ ಎದ್ದಿತು? "ಅಜ್ಜಿಗೆ ಕೇಳೂಣು" ಅಂದೆ.

ಇನ್ನೊಂದು ವಿಷಯ ಇದೆ. ಬರೆಯಬೇಕೋ ಬೇಡವೋ ಎಂದು ವಾರದಿಂದ ಯೋಚಿಸುತ್ತಿದ್ದೇನೆ.

ನನ್ನ ಮೇಜಿನ ಹಿಂದೆ ಒಂದು ಉಕ್ಕಿನ ಕಪಾಟಿದೆ. ಅದರಲ್ಲಿ ನಮ್ಮ ಫ್ಯಾಕ್ಟರಿಯ ಅರವತ್ತೊಂದು ಜನರ ಪಾಸ್‌ಪೋರ್ಟುಗಳಿವೆ. ಬೀಗದ ಕೈ ನನ್ನ ಹತ್ತಿರ. ಕೆಲಸಕ್ಕೆ ಸೇರಿದ ದಿನವೇ ಎಲ್ಲರಿಂದಲೂ ಒಂದು ಫಾರ್ಮಿಗೆ ಸಹಿ ಹಾಕಿಸಿಕೊಳ್ಳುತ್ತಾರೆ, 'ಕಂಪನಿ ಜೋಪಾನವಾಗಿ ಇಟ್ಟುಕೊಳ್ಳಲಿ, ನನ್ನ ಒಪ್ಪಿಗೆ ಇದೆ' ಎಂದು. ಫಾರ್ಮು ಅರಬ್ಬಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ. ಓದಿ ಸಹಿ ಹಾಕಿದವರು ಎಷ್ಟು ಜನ ಎಂದು ನಾನು ಯಾವತ್ತೂ ಕೇಳಿಲ್ಲ. ಆರು ವರ್ಷದಿಂದ ಸಹಿ ಹಾಕಿಸುವವಳು ನಾನೇ.

ಹೋದ ವಾರ ಕುಂಞಮ್ಮದ್ ಬಂದರು. ಕಾಸರಗೋಡಿನವರು, ಇಪ್ಪತ್ತೆರಡು ವರ್ಷದಿಂದ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ. ಬಾಗಿಲಲ್ಲೇ ಬೂಟು ಬಿಚ್ಚಿ ಒಳಗೆ ಬಂದರು.

"ಮೇಡಂ, ನನ್ನ ಪಾಸ್‌ಪೋರ್ಟ್ ಕೊಡ್ತೀರಾ?"

"ಊರಿಗೆ ಹೊಂಟೀರೇನು?"

"ಇಲ್ಲ. ಎಲ್ಲಿಗೂ ಹೋಗ್ಲಿಕ್ಕಿಲ್ಲ."

"ಮತ್ತ್ಯಾಕ?"

"ನನ್ನದಲ್ವಾ ಮೇಡಂ. ನನ್ನ ಹತ್ರ ಇರ್ಲಿ ಅಂತ."

ಇಷ್ಟೇ. ಮನೆಯಲ್ಲಿ ಕಾಯಿಲೆ, ಮದುವೆ, ಸಾವು ಏನಾದರೂ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಅದಕ್ಕೆಲ್ಲ ಬೇರೆ ಬೇರೆ ಫಾರ್ಮುಗಳಿವೆ. ಇದಕ್ಕೆ ಇಲ್ಲ. ನಾನು ಮ್ಯಾನೇಜರ್ ರಾಜಗೋಪಾಲ ಅವರ ಹತ್ತಿರ ಹೋದೆ. ಮೈಸೂರಿನವರು, ಕೆಟ್ಟವರಲ್ಲ. ನನಗೆ ಕೆಲಸ ಕಲಿಸಿದವರೇ ಅವರು.

"ಬೇಕಾದಾಗ ಕೊಡಲ್ಲ ಅಂತ ಯಾರಂದ್ರು ಪ್ರಿಯಾಂಕಾ? ಕಾರಣ ಬರ್ದು ಕೊಡ್ಲಿ, ಕೊಡೋಣ. ರೂಮಲ್ಲಿ ಕಳ್ಕೊಂಡ್ರೆ ಎಂಬೆಸಿಗೆ ಓಡಾಡೋರು ನಾವೇ ಅಲ್ವಾ? ಅವರ ಒಳ್ಳೇದಕ್ಕೇ ಇಟ್ಕೊಂಡಿರೋದು."

ಹೊರಗೆ ಬಂದು ಕುಂಞಮ್ಮದರಿಗೆ "ಮುಂದಿನ ವಾರ ಬರ್ರಿ" ಅಂದೆ. ಅವರು "ಆಯ್ತು ಮೇಡಂ" ಎಂದು ಬೂಟು ಹಾಕಿಕೊಂಡು ಹೋದರು. ಅವರು ವಾದ ಮಾಡಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಅದೇ ಸಂಜೆ ಮನೆಗೆ ಬಂದು ಮಗಳ ಪಕ್ಕ ಕೂತು ಅಜ್ಜನ ಹಾಳೆ ಓದಿದೆ, ಅವ್ವ. ನಡುವೆ ನಿಲ್ಲಿಸಿ ಮೂಗು ಒರೆಸಿಕೊಂಡೆ. ನೆಗಡಿ ಅಂದೆ.

ಪ್ರಿಯಾಂಕಾ


ಧಾರವಾಡ
9 ಜನವರಿ 2025

ಪ್ರಿಯಾಂಕಾ,

ಮೊದಲು ದಿಶಾಳ ಮೊದಲನೆಯ ಪ್ರಶ್ನೆ. ಕಾಪಿ ಅಲ್ಲ. ಒಬ್ಬರ ಮನೆಯ ಒಲೆಯಿಂದ ಕೆಂಡ ತಂದು ನಮ್ಮ ಒಲೆ ಹಚ್ಚಿದರೆ ಅಡಿಗೆ ನಮ್ಮದೇ. 'ದುಡಿದದ್ದನ್ನು ತಾವೇ ಉಣ್ಣುವುದು' ಎಂಬ ಮಾತನ್ನು ನಮ್ಮವರು ಸೇರಿಸಿದ್ದನ್ನು ಅವಳು ಗಮನಿಸಲಿ. ಹಸಿದ ನಾಡು ಬರೆದ ಸಾಲು ಅದು. ಎರಡನೆಯ ಪ್ರಶ್ನೆಗೆ ಉತ್ತರ ಬರೆಯಲು ಕೂತೆ. ಆಗಲಿಲ್ಲ. ಸ್ವಲ್ಪ ದಿನ ಕೊಡು.

ಈಗ ನಿನಗೆ ಒಂದು ಸಂಗತಿ. ಅಜ್ಜ ಇದನ್ನು ನನಗೆ ಹೇಳಿದ್ದು ಒಂದೇ ಸಲ.

1930ರಲ್ಲಿ ನಿನ್ನ ಅಜ್ಜ, ನನ್ನ ಅಪ್ಪ ಚನ್ನಪ್ಪನಿಗೆ ಹದಿನೇಳು ವರ್ಷ. ಹಾವೇರಿ ಸೀಮೆಯ ಆ ಸಣ್ಣ ಊರಿನಲ್ಲಿ ಓದಲು ಬಲ್ಲವರು ಕಡಿಮೆ, ಅದಕ್ಕೇ ಓದುವ ಕೆಲಸ ಇವನ ಪಾಲಿಗೆ ಬಂತು. ಊರ ಹೊರಗಿನ ಬಾವಿಕಟ್ಟೆಯ ಹತ್ತಿರ ಬೆಳಿಗ್ಗೆ ಸೇರಿದವರು ಇವನನ್ನೂ ಹಿಡಿದು ಹನ್ನೊಂದು ಜನ. ಇಬ್ಬರು ನೇಕಾರರು, ಒಬ್ಬ ಸಿಂಪಿಗ, ಉಳಿದವರು ಒಕ್ಕಲುಮಕ್ಕಳು. ಗೌಡರಿಗೆ ಸುದ್ದಿ ಮುಟ್ಟಿತ್ತು. ಯಾರ್ಯಾರು ಬಂದಿದ್ದಾರೆ ನೋಡಿಕೊಂಡು ಬಾ ಎಂದು ತಮ್ಮ ವಾಲೀಕಾರ ದುರಗಪ್ಪನನ್ನು ಕಳಿಸಿದರು. ವಾಲೀಕಾರ ಎಂದರೆ ಗೌಡರ ಕೈಕೆಳಗಿನ ಊರ ಕಾವಲಿನವ. ಎದೆಯ ಮೇಲೆ ಹಿತ್ತಾಳೆ ಬಿಲ್ಲೆ, ಕೈಯಲ್ಲಿ ಬಡಿಗೆ.

ದುರಗಪ್ಪನಿಗೆ ಬರೆಯಲು ಬರುತ್ತಿರಲಿಲ್ಲ. ಅದಕ್ಕೆ ಒಬ್ಬೊಬ್ಬರ ಮುಂದೆ ನಿಂತು, "ನಿಮ್ಮ ಹೆಸರು ಎರಡ್ ಸಲ ಹೇಳ್ರಿ, ಬಾಯಿಪಾಠ ಮಾಡ್ಕೊಂಡ್ ಹೋಗಬೇಕು" ಎಂದು ಕೇಳಿದನಂತೆ. ಎಲ್ಲರೂ ಎರಡೆರಡು ಸಲ ಹೇಳಿದರು. ಆಮೇಲೆ ಅಜ್ಜ ಓದಿದ. ಒಂದು ಸಾಲು ಇವನು, ಹಿಂದೆ ಹತ್ತು ದನಿ. ಅರ್ಧಕ್ಕೆ ಬಂದಾಗ ಹಿಂದಿನ ದನಿಗಳಲ್ಲಿ ಇನ್ನೊಂದು ಸೇರಿದ ಹಾಗೆ ಅನಿಸಿತಂತೆ. ತಲೆ ಎತ್ತಿ ನೋಡಲು ಧೈರ್ಯವಾಗಲಿಲ್ಲ.

ದುರಗಪ್ಪ ಗೌಡರ ಅಂಗಳಕ್ಕೆ ಹೋಗಿ ನಿಂತು ಹನ್ನೊಂದು ಹೆಸರೂ ತಪ್ಪದೆ ಹೇಳಿದ.

"ಅಷ್ಟ ಏನು?" ಎಂದರು ಗೌಡರು.

"ಇನ್ನೊಂದ ಐತ್ರಿ."

"ಯಾಂವಲೇ ಅಂವ?"

"ದುರಗಪ್ಪರಿ. ವಾಲೀಕಾರ ದುರಗಪ್ಪ."

ಅಲ್ಲೇ ಬಿಲ್ಲೆ ಬಿಚ್ಚಿಸಿದರು. ವಾಲೀಕಾರಿಕೆಗೆ ಕೊಟ್ಟಿದ್ದ ಹೊಲವೂ ಹೋಯಿತು. ಅಜ್ಜ ಆ ವರ್ಷವೇ ಮೂರು ತಿಂಗಳು ಜೈಲಿಗೆ ಹೋಗಿ ಬಂದ, ಮುಂದೆ ತಾಮ್ರಪತ್ರ ಬಂತು, ಪಿಂಚಣಿ ಬಂತು. ದುರಗಪ್ಪ ಜೈಲಿಗೆ ಹೋಗಲಿಲ್ಲವಾದ್ದರಿಂದ ಅವನ ಹೆಸರು ಯಾವ ಕಾಗದದಲ್ಲೂ ಇಲ್ಲ. ಕೂಲಿ ಮಾಡಿ ಸತ್ತ. ತಾಮ್ರಪತ್ರ ಬಂದ ದಿನ ಅಜ್ಜ ಅದನ್ನು ನೋಡದೆ ಗೋಡೆಗೆ ಮುಖ ಮಾಡಿ ಮಲಗಿದ್ದ. ನಾನು ಕೇಳಿದ್ದಕ್ಕೆ ಈ ಕಥೆ ಹೇಳಿದ. "ನಾ ಹಾಳಿ ಓದಿದೆ, ಕೆಂಚವ್ವ. ಅಂವ ಉಂಡ ಮನಿ ಮುಂದ ನಿಂತು ತನ್ನ ಹೆಸರು ಹೇಳಿದ" ಎಂದ.

ಏನು ಮಾಡು ಎಂದು ನಾನು ನಿನಗೆ ಹೇಳುವುದಿಲ್ಲ. ನಿನ್ನ ಸಂಸಾರ, ನಿನ್ನ ಕೆಲಸ, ಪರದೇಶ. ಹೇಳುವ ಅಧಿಕಾರವೂ ನನಗಿಲ್ಲ.

ಅವ್ವ


ದಾರ್ಸೈಟ್
31 ಜನವರಿ 2025

ಅವ್ವ,

ದಿಶಾಳ ಭಾಷಣ ಚೆನ್ನಾಗಿ ಆಯಿತು. ಮುತ್ತಜ್ಜನ ಹಾಳೆಯ ಮೊದಲ ಸಾಲನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಕನ್ನಡದಲ್ಲೇ ಹೇಳಿದಳು. ದುರಗಪ್ಪನ ಕಥೆ ಹೇಳುವಾಗ ಗದ್ದಲ ಮಾಡುತ್ತಿದ್ದ ಹಿಂದಿನ ಸಾಲಿನವರೂ ಸುಮ್ಮನಾದರಂತೆ.

ನನ್ನ ವಿಷಯ. ಕುಂಞಮ್ಮದ್ ಎರಡನೆಯ ಸಲ ಬಂದಾಗ ನಾನು ಅವರನ್ನು ಕೂರಿಸಿ, ಹಳೆಯ ಫಾರ್ಮು ತೆಗೆದು, ಅದರಲ್ಲಿ ಏನು ಬರೆದಿದೆ ಎಂದು ಕನ್ನಡದಲ್ಲಿ ಓದಿ ಹೇಳಿದೆ. ಅವರು ಕೆಳಗಿದ್ದ ತಮ್ಮ ಸಹಿಯನ್ನೇ ನೋಡುತ್ತ, "ಒಪ್ಪಿಗೆ ಕೊಟ್ಟದ್ದನ್ನು ವಾಪಸ್ ತಕ್ಕೊಳ್ಳಿಕ್ಕೆ ಆಗ್ತದಾ ಮೇಡಂ?" ಎಂದು ಕೇಳಿದರು. ನಾನು ಲೈಲಾಳನ್ನು ಕೇಳಿದೆ. ಅವಳು ಇಲ್ಲಿಯವಳೇ, ನಮ್ಮ ಆಫೀಸಿನಲ್ಲಿ ಸರಕಾರಿ ಕೆಲಸಗಳನ್ನು ನೋಡಿಕೊಳ್ಳುತ್ತಾಳೆ, ಹಿಂದಿ ಚೆನ್ನಾಗಿ ಬರುತ್ತದೆ. ಬರೆದುಕೊಟ್ಟ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಪಾಸ್‌ಪೋರ್ಟು ಇಟ್ಟುಕೊಳ್ಳುವುದನ್ನು ಇಲ್ಲಿಯ ಕಾನೂನೇ ಒಪ್ಪುವುದಿಲ್ಲ ಅಂದಳು. "ಒಪ್ಪಿಗೆ ಹಿಂದಕ್ಕೆ ತಗೊಂಡ್ರೆ ಖಲಾಸ್, ಪುಸ್ತಕ ಅವರದ್ದು" ಎಂದು ಅರಬ್ಬಿಯಲ್ಲಿ ನಾಲ್ಕು ಸಾಲಿನ ಅರ್ಜಿ ಬರೆದುಕೊಟ್ಟಳು.

ಆ ದಿನ ವಿವೇಕನಿಗೆ ಹೇಳಿದೆ. ಅವನು ಇಸ್ತ್ರಿ ಮಾಡಿಟ್ಟ ಅಂಗಿಯನ್ನೇ ಮತ್ತೆ ಇಸ್ತ್ರಿ ಮಾಡಿದ. ಆಮೇಲೆ, "ನಿನ್ನ ನೌಕರಿ ಹೋದ್ರ ದಿಶಾನ ಹತ್ತನೇ ಇಯತ್ತೆ ಮುಗಿಯೂ ತನಕ ನನ್ನ ಪಗಾರದಾಗ ನಡೀತೈತಿ. ಲೆಕ್ಕಾ ಹಾಕೀನಿ" ಅಂದ. ಅವನು ಒಪ್ಪಿದ್ದು ಹೀಗೆ.

ಅರ್ಜಿಯನ್ನು ಕ್ಯಾಂಟೀನಿನ ಬೋರ್ಡಿಗೆ ಹಚ್ಚಿದೆ, ಕನ್ನಡ, ಹಿಂದಿ, ಮಲಯಾಳ, ಬಂಗಾಳಿ ಅರ್ಥದ ಜೊತೆಗೆ. ಒಂದು ವಾರದಲ್ಲಿ ಇಪ್ಪತ್ತೆರಡು ಜನ ಸಹಿ ಹಾಕಿದರು. ಇಪ್ಪತ್ತಮೂರನೆಯ ಹೆಸರು ನನ್ನದು. ಆ ಕಪಾಟಿನ ಅರವತ್ತೊಂದರಲ್ಲಿ ನನ್ನದೂ ಒಂದಿತ್ತು ಎಂದು ನಿನಗೆ ಬರೆದಿರಲಿಲ್ಲ. ಆರು ವರ್ಷ ನನ್ನದನ್ನು ನಾನೇ ಬೀಗ ಹಾಕಿ ಕಾಯ್ದೆ, ಅದು ವಿಚಿತ್ರ ಅನಿಸಲೇ ಇಲ್ಲ.

ರಾಜಗೋಪಾಲ ಅವರಿಗೆ ಪಟ್ಟಿ ಕೊಟ್ಟು, ಇವತ್ತು ಮಧ್ಯಾಹ್ನ ಹಂಚುತ್ತೇನೆ ಅಂದೆ. ಅವರು ಕೂಗಾಡಲಿಲ್ಲ. "ನಾಳೆ ಒಬ್ಬ ಬಿಟ್ಟು ಹೋದ್ರೆ ಹೆಡ್ ಆಫೀಸ್ ನಿಮ್ಮನ್ನಲ್ಲ, ನನ್ನನ್ನ ಕೇಳುತ್ತೆ" ಅಂದರು. ಅವರ ದನಿಯಲ್ಲಿ ಭಯ ಇತ್ತು. ನಾನು, "ಸರ್, ನಿಮ್ಮದೂ ಒಳಗೇ ಇದೆ" ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು, "ನನ್ನದೂ ಕೊಡಿ" ಅಂದರು.

ಊಟದ ಹೊತ್ತಿನಲ್ಲಿ ಕ್ಯಾಂಟೀನಿನಲ್ಲಿ ಹಂಚಿದೆ. ಎಲ್ಲರೂ ಮೊದಲು ನೋಡಿದ್ದು ತಮ್ಮ ಫೋಟೊವನ್ನೇ. ಕುಂಞಮ್ಮದರದು ಅಷ್ಟೇನೂ ಹಳೆಯದಲ್ಲ, ಆದರೂ ಅದರಲ್ಲಿ ಗಡ್ಡ ಕಪ್ಪಗಿತ್ತು. ಪಕ್ಕದವನಿಗೆ ತೋರಿಸಿ ನಕ್ಕರು. ಉಳಿದ ಮೂವತ್ತೇಳು ಜನ ತೆಗೆದುಕೊಳ್ಳಲಿಲ್ಲ, ಅವ್ವ. ಕೆಲವರಿಗೆ ಹೆದರಿಕೆ. ಇನ್ನು ಕೆಲವರು ಹೇಳಿದ್ದು ಬೇರೆ: "ರೂಮಿನಾಗ ಎಂಟ್ ಮಂದಿ ಇದ್ದೀವ್ರಿ. ಇಡಾಕ ಜಾಗಾ ಎಲ್ಲೈತಿ?" ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಆರೂವರೆಗೆ ಎಲ್ಲರೂ ಡ್ಯೂಟಿಗೆ ಬಂದರು. ವಾರ ಕಳೆದ ಮೇಲೆ ಒಬ್ಬ ವೆಲ್ಡರ್ ಬೇರೆ ಕಂಪನಿಗೆ ಹೋದ. ಅವನ ಕರಾರು ಮುಗಿದಿತ್ತು, ಹೋಗಬಹುದಾಗಿತ್ತು. ಆದರೂ ಅದೇ ನೆಪವಾಯಿತು. ನನಗೆ ಎಚ್ಚರಿಕೆಯ ಪತ್ರ ಬಂದಿದೆ. ರಾಜಗೋಪಾಲ ಅವರದೇ ಸಹಿ. ಕಪಾಟಿನ ಕೀಲಿ ವಾಪಸ್ ತೆಗೆದುಕೊಂಡು ನನ್ನನ್ನು ಸ್ಟೋರ್ಸಿಗೆ ಹಾಕಿದ್ದಾರೆ. ಪೈಪಿನ ಜಾಯಿಂಟು ಎಣಿಸುತ್ತೇನೆ. ನಿದ್ದೆ ಚೆನ್ನಾಗಿ ಬರುತ್ತಿದೆ.

ದಿಶಾ ಎರಡನೆಯ ಪ್ರಶ್ನೆಯ ಉತ್ತರ ಕೇಳುತ್ತಿದ್ದಾಳೆ.

ಪ್ರಿಯಾಂಕಾ


ಧಾರವಾಡ
8 ಫೆಬ್ರುವರಿ 2025

ನನ್ನ ಪ್ರಿಯಾಂಕಾ,

ದಿಶಾಳ ಪ್ರಶ್ನೆಗೆ ಉತ್ತರ ನನಗೆ ಮೊದಲೇ ಗೊತ್ತಿತ್ತು. ಬರೆಯಲು ಧೈರ್ಯ ಬೇಕಾಗಿತ್ತು. ಇದನ್ನು ಅವಳಿಗೆ ಓದಿ ಹೇಳಬೇಕೋ ಬೇಡವೋ ನೀನೇ ನೋಡು.

2010ರ ಜನವರಿಯಲ್ಲಿ ನಿನ್ನ ಪಾಸ್‌ಪೋರ್ಟು ಕಳೆದುಹೋಗಿತ್ತಲ್ಲ. ಅದು ಕಳೆದಿರಲಿಲ್ಲ. ನಾನು ತೆಗೆದಿಟ್ಟಿದ್ದೆ.

ನಿನ್ನ ಅಪ್ಪ ಹೋಗಿ ಎಂಟು ತಿಂಗಳಾಗಿತ್ತು. ವಿವೇಕ ಮೊದಲೇ ಹೋಗಿ ನಿನಗೆ ವೀಸಾ, ಟಿಕೆಟು ಎಲ್ಲ ಕಳಿಸಿದ್ದ. ಇಪ್ಪತ್ತನೆಯ ತಾರೀಖು ನಿನ್ನ ವಿಮಾನ. ಹನ್ನೆರಡಕ್ಕೆ ನಾನು ಅದನ್ನು ನಿನ್ನ ಚೀಲದಿಂದ ತೆಗೆದು ಶಾಲೆಗೆ ಒಯ್ದು, ಭೂಪಟಗಳ ಕೋಣೆಯಲ್ಲಿ, ಸುತ್ತಿಟ್ಟ ಪ್ರಪಂಚದ ನಕಾಶೆಯೊಳಗೆ ತುರುಕಿದೆ. ಯಾಕೆ ಎಂದು ನನಗೆ ನಾನೇ ಹೇಳಿಕೊಂಡ ಮಾತು, ನಿಮ್ಮ ಮ್ಯಾನೇಜರ್ ಹೇಳಿದ್ದೇ. ಇವಳ ಒಳ್ಳೆಯದಕ್ಕೆ. ಗೊತ್ತಿಲ್ಲದ ದೇಶ, ಹೊಸ ಗಂಡ, ಇನ್ನೊಂದಿಷ್ಟು ದಿನ ಇಲ್ಲೇ ಇರಲಿ. ನಿಜ ಹೇಳಬೇಕೆಂದರೆ ಮನೆಯಲ್ಲಿ ಎರಡು ತಟ್ಟೆ ಇಡುವುದು ತಪ್ಪುತ್ತದೆ ಎಂಬ ಹೆದರಿಕೆ, ಅಷ್ಟೇ.

ಪೊಲೀಸ್ ಠಾಣೆಗೆ ನಿನ್ನ ಜೊತೆ ನಾನೂ ಬಂದೆ. "ಎಲ್ಲಿ ಕಳಕೊಂಡ್ರಿ?" ಎಂದು ಹವಾಲ್ದಾರ ಕೇಳಿದಾಗ ನೀನು ನನ್ನ ಮುಖ ನೋಡಿದೆ. ನಾನು ಮೇಜಿನ ಮೇಲಿನ ಲಾಠಿ ನೋಡಿದೆ.

ಅದರ ನಡುವೆ ಇಪ್ಪತ್ತಾರನೆಯ ತಾರೀಖು ಬಂತು. ಪ್ರತಿ ವರ್ಷದಂತೆ ಮುನ್ನೂರು ಮಕ್ಕಳನ್ನು ನಿಲ್ಲಿಸಿ ಅಜ್ಜನ ಹಾಳೆ ಓದಿಸಿದೆ. ಭೂಪಟದ ಕೋಣೆ ಅಲ್ಲಿಂದ ಇಪ್ಪತ್ತು ಹೆಜ್ಜೆ. ಒಂದು ಸಾಲೂ ತಪ್ಪಲಿಲ್ಲ, ಪ್ರಿಯಾಂಕಾ. ದನಿ ಕೂಡ ನಡುಗಲಿಲ್ಲ. ದಿಶಾಗೆ ಅದನ್ನು ಹೇಳು. ಕೈ ಹೇಗೆ ಎದ್ದಿತು ಎಂದು ಕೇಳಿದ್ದಾಳಲ್ಲ, ಹೀಗೆಯೇ, ಬಹಳ ಸುಲಭವಾಗಿ ಏಳುತ್ತದೆ. ಮಾತು ದೊಡ್ಡದು, ಸತ್ಯವೂ ಹೌದು. ಆಡಿದವರು ಅದರ ಎತ್ತರಕ್ಕೆ ಬೆಳೆಯಲಿಲ್ಲವೆಂದು ಮಾತನ್ನು ಎಸೆಯಬಾರದು. ಆಡಿದವರನ್ನು ಕೇಳದೆ ಬಿಡಲೂಬಾರದು.

ಮೂವತ್ತೊಂದಕ್ಕೆ ಅದು ಟ್ರಂಕಿನ ಹಿಂದೆ 'ಸಿಕ್ಕಿತು.' ನೀನು ನನ್ನನ್ನು ತಬ್ಬಿಕೊಂಡು ಅತ್ತೆ. ಆ ಅಪ್ಪುಗೆಯನ್ನು ನಾನು ಹದಿನೈದು ವರ್ಷದಿಂದ ಹೊತ್ತಿದ್ದೇನೆ.

ಬಾ ಬಾ ಎಂದು ನೀನು ಕರೆದಾಗಲೆಲ್ಲ ಮಂಡಿ ನೋವು, ಹಾಸ್ಟೆಲ್ ಪರೀಕ್ಷೆ ಎಂದೆ. ಪಾಸ್‌ಪೋರ್ಟು ಮಾಡಿಸಲು ಆ ಕಚೇರಿಗೆ ಹೋಗಿ ಸಾಲಿನಲ್ಲಿ ನಿಲ್ಲಲು ನನಗೆ ಮುಖವಿರಲಿಲ್ಲ.

ನಿನ್ನ ಅವ್ವ
ಕೆಂಚವ್ವ


ಧಾರವಾಡ
2 ಮಾರ್ಚ್ 2025

ಪ್ರಿಯಾಂಕಾ,

ಕಾಗದ ನೀನು ಓದಿದ್ದೀ ಎಂಬುದಕ್ಕೆ ಎರಡು ನೀಲಿ ಗುರುತು ಬಂದಿವೆ ಎಂದು ಹುಡುಗಿಯರು ತೋರಿಸಿದರು. ಮೂರು ವಾರವಾಯಿತು.

ಉತ್ತರ ಬರೆಯಲೇಬೇಕೆಂದು ನಾನು ಕೇಳುತ್ತಿಲ್ಲ. ಸ್ಟೋರ್ಸಿನಲ್ಲಿ ಭಾರ ಎತ್ತುವ ಕೆಲಸವಿದ್ದರೆ ಬೇರೆಯವರಿಗೆ ಹೇಳು. ನಿನ್ನ ಸೊಂಟ ದಿಶಾ ಹುಟ್ಟಿದಾಗಿನಿಂದ ಅಷ್ಟಕ್ಕಷ್ಟೇ.

ಅವ್ವ


ದಾರ್ಸೈಟ್
14 ಮಾರ್ಚ್ 2025

ಅವ್ವ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ನನಗೆ ಗೊತ್ತಿತ್ತು.

ಟ್ರಂಕಿನ ಹಿಂದೆ ಸಿಕ್ಕಿದಾಗ ಆ ಪಾಸ್‌ಪೋರ್ಟು ಕೊಳವೆಯ ಹಾಗೆ ಬಾಗಿತ್ತು. ಟ್ರಂಕಿನ ಹಿಂದೆ ಬಿದ್ದದ್ದು ಚಪ್ಪಟೆಯಾಗಿರುತ್ತದೆ. ಮೂಗಿನ ಹತ್ತಿರ ಹಿಡಿದರೆ ಸೀಮೆಸುಣ್ಣ, ನಕಾಶೆಗೆ ಬಳಿದ ವಾರ್ನಿಶ್ ವಾಸನೆ. ನಾನು ಆ ಶಾಲೆಯಲ್ಲೇ ಓದಿದವಳು, ಅವ್ವ. ನಿನ್ನ ತರಗತಿಗೆ ನಕಾಶೆ ಹೊತ್ತು ತರುತ್ತಿದ್ದವಳು ನಾನೇ. ತಬ್ಬಿಕೊಂಡು ಅತ್ತದ್ದು ಸಿಕ್ಕಿತೆಂದಲ್ಲ. ನೀನು ಅದನ್ನು ನೀನಾಗೇ ತಂದಿಟ್ಟೆಯಲ್ಲ, ಅದಕ್ಕೆ.

ಆ ಪುಸ್ತಕ ಹತ್ತು ವರ್ಷವೂ ನೆಟ್ಟಗಾಗಲಿಲ್ಲ. ವಿಮಾನ ನಿಲ್ದಾಣದಲ್ಲಿ ಪ್ರತಿಯೊಬ್ಬ ಅಧಿಕಾರಿಯೂ ಅದನ್ನು ಅಂಗೈಯಿಂದ ಒತ್ತಿ ಹಿಡಿದೇ ಮುದ್ರೆ ಒತ್ತುತ್ತಿದ್ದ.

ಕೇಳಲಿಲ್ಲ ಯಾಕೆಂದರೆ ಕೇಳಿದರೆ ನೀನು ನನಗೆ ಸುಳ್ಳು ಹೇಳಬೇಕಾಗುತ್ತಿತ್ತು. ಸಿಟ್ಟು ಇರಲಿಲ್ಲ ಎಂದರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ. ದಿಶಾ ಹುಟ್ಟುವಾಗ ಬಾಣಂತನಕ್ಕೆ ಬರುತ್ತೇನೆ ಎಂದು ನೀನೇ ಒಂದು ಸಲ ಅಂದಿದ್ದೆ, ನೆನಪಿದೆಯೇ? "ಇಲ್ಲಿ ಬಿಸಿಲು ಭಾಳ ಐತಿ, ನಿನಗ ತಡಿಯಾಕ ಆಗೂದಿಲ್ಲ, ಬ್ಯಾಡ" ಎಂದು ನಾನು ತಡೆದೆ. ಅದು ನವೆಂಬರ್ ತಿಂಗಳು. ನವೆಂಬರಿನಲ್ಲಿ ಮಸ್ಕತ್ತಿನಲ್ಲಿ ಬಿಸಿಲಿನ ಝಳ ಇರುವುದಿಲ್ಲ. ಸಂಜೆ ಕಿಟಕಿ ತೆರೆದಿಟ್ಟುಕೊಂಡು ಮಗುವಿಗೆ ಹಾಲು ಕುಡಿಸುತ್ತಿದ್ದೆ, ತಣ್ಣಗೆ ಗಾಳಿ ಬರುತ್ತಿತ್ತು. ನೀನು ಬೇಕು ಅನಿಸುತ್ತಿತ್ತು. ಕರೆಯಲಿಲ್ಲ. ನೀನು ನನ್ನ ಹತ್ತೊಂಬತ್ತು ದಿನ ಇಟ್ಟುಕೊಂಡೆ, ನಾನು ನಿನ್ನ ಮೊಮ್ಮಗಳ ಮೊದಲ ಒಂದು ವರ್ಷ ಇಟ್ಟುಕೊಂಡೆ.

ಆ ಸಿಟ್ಟು ಯಾವಾಗ ಕರಗಿತೋ ಗೊತ್ತಿಲ್ಲ. ಆದರೆ ಆರು ವರ್ಷ ಕಪಾಟಿನ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದವಳು ನಾನು. ನಿನ್ನನ್ನು ಯಾವ ಬಾಯಲ್ಲಿ ಕೇಳಲಿ?

ದಿಶಾಗೆ ಪೂರ್ತಿ ಓದಿ ಹೇಳಿದೆ. ಆಮೇಲೆ ಕನ್ನಡದಲ್ಲಿ, ಅದೂ ಯಾರೂ ಹೇಳದೆಯೇ, "ಅಜ್ಜಿ ಯಾವಾಗ ಬರ್ತಾಳ?" ಅಂದಳು.

ಬಾ ಅವ್ವ.

ಪ್ರಿಯಾಂಕಾ


ಧಾರವಾಡ
10 ಏಪ್ರಿಲ್ 2025

ಪ್ರಿಯಾಂಕಾ,

ಹೋದೆ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಕಚೇರಿಗೆ ಇಬ್ಬರು ಹುಡುಗಿಯರು ಜೊತೆಗೆ ಬಂದರು. ನನ್ನ ಬೆರಳಿನ ಗುರುತು ಮಿಷನ್ನಿಗೆ ಹತ್ತಲಿಲ್ಲ. ಆ ಗುಮಾಸ್ತೆ ಹುಡುಗಿ ಒದ್ದೆ ಬಟ್ಟೆಯಿಂದ ಬೆರಳು ಒರೆಸಿ ಒರೆಸಿ ನೋಡಿ, "ಏನ್ ಕೆಲಸ ಮಾಡ್ತಿದ್ರಿ ಅಜ್ಜಿ?" ಎಂದಳು. ಸೀಮೆಸುಣ್ಣ ಹಿಡಿದು ಸವೆದಿದೆ ಅಂದೆ. "ನಮ್ಮವ್ವನೂ ಟೀಚರ್ ರೀ" ಎಂದು ಆರನೆಯ ಸಲ ಒತ್ತಿ ಹಿಡಿದಾಗ ಹತ್ತಿತು.

ನಿನ್ನೆ ಅಂಚೆಯವನು ತಂದು ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡ. ಎಷ್ಟು ತೆಳ್ಳಗಿದೆ ಈ ಪುಸ್ತಕ. ಇಪ್ಪತ್ತೆಂಟು ಹುಡುಗಿಯರೂ ಮುಟ್ಟಿ ನೋಡಿದರು. ಒಬ್ಬಳು, "ಅಜ್ಜಿ, ಫೋಟೋದಾಗ ಯಾಕ ಸಿಟ್ಟಿಗೆದ್ದೀರಿ?" ಅಂದಳು. ನಗಬಾರದೆಂದು ಹೇಳಿದ್ದರು, ನಾನು ಆ ಮಾತನ್ನು ಸ್ವಲ್ಪ ಹೆಚ್ಚಾಗಿಯೇ ಪಾಲಿಸಿದೆ.

ವೀಸಾ ಬಂತೆಂದು ವಿವೇಕ ತಿಳಿಸಿದ. ಮೂವತ್ತಕ್ಕೆ ಬೆಂಗಳೂರಿನಿಂದ ವಿಮಾನ. ಶೇಂಗಾ ಹಿಂಡಿ, ಕರದಂಟು, ಖಡಕ್ ರೊಟ್ಟಿ ಕಟ್ಟುತ್ತಿದ್ದೇನೆ. ಕುಂಞಮ್ಮದ್ ಅವರಿಗೂ ಒಂದು ಪೊಟ್ಟಣ. ಅಲ್ಲಿ ಇಳಿದ ಮೇಲೆ ಏನು ಮಾಡಬೇಕು, ಎತ್ತ ಹೋಗಬೇಕು ಬರೆ. ಕಿವಿ ಕೇಳದವಳಿಗೆ ಬರೆದದ್ದೇ ಸರಿ.

ಅವ್ವ


ದಾರ್ಸೈಟ್
25 ಏಪ್ರಿಲ್ 2025

ಅವ್ವ,

ಇದನ್ನು ಪ್ರಿಂಟ್ ತೆಗೆಸಿ ಕೈಚೀಲದಲ್ಲೇ ಇಟ್ಟುಕೋ.

ವಿಮಾನದಲ್ಲಿ ಕಿವಿ ಕಟ್ಟಿದರೆ ಮಿಷನ್ ತೆಗೆದು ಡಬ್ಬಿಯಲ್ಲಿಡು, ಇಳಿದ ಮೇಲೆ ಹಾಕಿಕೋ. ಹಿಂಡಿ, ಕರದಂಟು ದೊಡ್ಡ ಚೀಲಕ್ಕೆ ಹಾಕು. ಗಾಲಿಕುರ್ಚಿ ಹೇಳಿದ್ದೇವೆ. ನಾಚಿಕೊಳ್ಳದೆ ಕೂತುಕೋ, ನಡೆಯುವ ದಾರಿ ಉದ್ದ. ಕೌಂಟರಿನಲ್ಲಿ ಏನಾದರೂ ಕೇಳಿದರೆ ಈ ಹಾಳೆಯ ಹಿಂದೆ ಇಂಗ್ಲಿಷಿನಲ್ಲಿ ಬರೆದಿರುವುದನ್ನು ತೋರಿಸು. ಮುದ್ರೆ ಹಾಕಿದ ಮೇಲೆ ಪಾಸ್‌ಪೋರ್ಟನ್ನು ಬೇರೆ ಯಾರ ಕೈಗೂ ಕೊಡಬೇಡ, ನನ್ನ ಕೈಗೂ ಬೇಡ. ಇಲ್ಲಿ ನಿನ್ನ ಕೋಣೆಯಲ್ಲಿ ಒಂದು ಖಾಲಿ ಡ್ರಾಯರ್ ಇಟ್ಟಿದ್ದೇನೆ.

ಫ್ಯಾಕ್ಟರಿಯ ಸುದ್ದಿ: ರೂಮುಗಳಿಗೆ ಬೀಗವಿರುವ ಸಣ್ಣ ಸಣ್ಣ ಪೆಟ್ಟಿಗೆಗಳು ಬಂದಿವೆ, ಒಬ್ಬೊಬ್ಬರಿಗೆ ಒಂದು. ಲೈಲಾ ಮೂರು ತಿಂಗಳು ಹೆಡ್ ಆಫೀಸಿನ ಬೆನ್ನು ಬಿದ್ದಿದ್ದಳು. ಈಗ ಇನ್ನೂ ಹದಿನೆಂಟು ಜನ ತಮ್ಮ ಪಾಸ್‌ಪೋರ್ಟು ತೆಗೆದುಕೊಂಡಿದ್ದಾರೆ. ನನ್ನನ್ನು ಎಚ್.ಆರ್.ಗೆ ವಾಪಸ್ ಹಾಕಿಲ್ಲ, ಹಾಕುವ ಹಾಗೂ ಕಾಣುವುದಿಲ್ಲ. ಜೂನ್ ಆದ ಮೇಲೆ ನನ್ನ ಕರಾರು ಮುಂದುವರಿಸುವುದಿಲ್ಲ ಎಂದು ಪತ್ರ ಬಂದಿದೆ. ಬೇರೆ ಕಡೆ ಎರಡು ಅರ್ಜಿ ಹಾಕಿದ್ದೇನೆ. ಇದನ್ನು ನೀನು ಬಂದ ಮೇಲೆ ಹೇಳಬೇಕೆಂದಿದ್ದೆ. ಆದರೆ ಇನ್ನು ಮೇಲೆ ನಿನಗೆ ಆಮೇಲೆ ಹೇಳುವ ವಿಷಯ ಇಟ್ಟುಕೊಳ್ಳಬಾರದು ಅನಿಸಿತು.

ಎರಡು ತಿಂಗಳು ಕೆಲಸವಿಲ್ಲದೆ ಮನೆಯಲ್ಲಿದ್ದರೆ ನಿನ್ನ ಜೊತೆ ಇರುತ್ತೇನೆ. ದಿಶಾಗೆ ಕನ್ನಡ ಅಕ್ಷರ ಕಲಿಯಬೇಕಂತೆ. ಅ, ಆ ಕೂಡ ನನ್ನಿಂದ ಕಲಿಯಲೊಲ್ಲಳು, ಅಜ್ಜಿಯೇ ಬರಲಿ ಎಂದು ಕೂತಿದ್ದಾಳೆ.

ಹೊರಗೆ ಬಾಗಿಲ ಬಳಿ ಬಹಳ ಜನ ಇರುತ್ತಾರೆ. ಎಲ್ಲರೂ ಕೈಯೆತ್ತಿ ಕೂಗುತ್ತಿರುತ್ತಾರೆ, ನಿನಗೆ ಏನೂ ಕೇಳಿಸುವುದಿಲ್ಲ. ನೀನು ಗಾಬರಿಯಾಗಬೇಡ, ನನ್ನನ್ನು ಹುಡುಕಲೂ ಹೋಗಬೇಡ. ಇದ್ದಲ್ಲೇ ಇರು. ನಾನೇ ಬಂದು ನಿನ್ನ ಕೈ ಹಿಡಿಯುತ್ತೇನೆ.

ನಿನ್ನ
ಪ್ರಿಯಾಂಕಾ